ಫ್ರೈಡೇ ದ ಥರ್ಟೀನ್ತ್ 7ನೇ ಭಾಗ: ಗೆಲುವನ್ನು ಟೀನಾ ಕೈಯಿಂದ ಯಾಕೆ ಕಿತ್ತುಕೊಂಡರು?

ಕಾಡುಹಾದಿ

ಈ ಹಾರರ್ ಸಿನಿಮಾ ಸರಣಿಯ ಮಾತು ಬಂದಾಗಲೆಲ್ಲ 7ನೇ ಭಾಗವನ್ನು, ಅಂದರೆ ‘ದ ನ್ಯೂ ಬ್ಲಡ್’ ಅನ್ನು, ಜನ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಶಕ್ತಿ ಇರೋ ಹುಡುಗಿದು ಅಲ್ವಾ, ಪರವಾಗಿಲ್ಲ ಬಿಡಿ ಅಂತ. ಅಲ್ಲಿಗೆ ಮುಗೀತು. ಸಿನಿಮಾ ಸಾಧಾರಣ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಇಡೀ ಸಿನಿಮಾ ಒಂದೇ ಮಟ್ಟದಲ್ಲಿ ಸಾಧಾರಣ ಅಲ್ಲ. ಒಳ್ಳೆಯದು ತುಂಬಾ ಒಳ್ಳೆಯದಿದೆ, ಪೊಳ್ಳು ತುಂಬಾ ಪೊಳ್ಳಿದೆ, ಎರಡೂ ಸೇರಿ ಸರಾಸರಿ ಹಾಗೆ ಬರುತ್ತದೆ ಅಷ್ಟೇ.

ಮೊದಲು ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ಅದಿಲ್ಲದೆ ಈ ಸಿನಿಮಾ ಅರ್ಥ ಆಗುವುದಿಲ್ಲ. 1988ರ ಹೊತ್ತಿಗೆ ಈ ಸರಣಿಯ ಮುಖವಾಡದ ಕೊಲೆಗಾರ ಜೇಸನ್‌ನ ಮಾರುಕಟ್ಟೆ ಇಳಿಯುತ್ತಿತ್ತು, ‘ಎಲ್ಮ್ ಸ್ಟ್ರೀಟ್’ ಸರಣಿಯ ಕೊಲೆಗಾರ ಫ್ರೆಡ್ಡಿದು ಏರುತ್ತಿತ್ತು. 1987ರಲ್ಲಿ ಬಂದ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ 3ನೇ ಭಾಗ ಅಮೆರಿಕದಲ್ಲೇ ಸುಮಾರು 4.5 ಕೋಟಿ ಡಾಲರ್ ತಂದಿತ್ತು. ಜೇಸನ್‌ನ 6ನೇ ಭಾಗ, ಅದೆಷ್ಟೇ ಚೆನ್ನಾಗಿದ್ದರೂ, 2 ಕೋಟಿ ಮುಟ್ಟಲಿಲ್ಲ. ಹಾಗಾಗಿ ಜೇಸನ್ ಸಿನಿಮಾಗಳ ಸ್ಟುಡಿಯೋ ಪ್ಯಾರಮೌಂಟ್‌ನವರು ಇಬ್ಬರನ್ನೂ ಒಂದೇ ಸಿನಿಮಾದಲ್ಲಿ ಎದುರುಬದುರು ನಿಲ್ಲಿಸಬೇಕು ಅಂತ ಫ್ರೆಡ್ಡಿಯ ಸ್ಟುಡಿಯೋ ನ್ಯೂ ಲೈನ್ ಜೊತೆ ಮಾತಾಡಿದರು. ಮಾತು ಮುರಿದುಬಿತ್ತು. (ಆ ಸಿನಿಮಾ ಕೊನೆಗೂ ಬಂದದ್ದು 2003ರಲ್ಲಿ.) ಫ್ರೆಡ್ಡಿ ಸಿಗಲಿಲ್ಲ, ಆದರೆ ಜೇಸನ್‌ಗೆ ಸರಿಸಾಟಿ ಎದುರಾಳಿ ಬೇಕು ಅನ್ನುವ ಆಸೆ ಹಾಗೇ ಉಳಿಯಿತು. ಆ ಖಾಲಿ ಜಾಗಕ್ಕೆ ಬಂದವಳೇ ಟೀನಾ ಶೆಪರ್ಡ್. ಮುಟ್ಟದೆಯೇ ವಸ್ತುಗಳನ್ನು ಅಲುಗಾಡಿಸಬಲ್ಲ ಹುಡುಗಿ.

ಕಥೆ ಮರೆತವರಿಗೆ: ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಮೇಲೆ ಕೈ ಮಾಡಿದ್ದನ್ನು ಕಂಡು ಟೀನಾ ದೋಣಿ ಹತ್ತಿ ಕೆರೆಗೆ ಹೋಗುತ್ತಾಳೆ. ಅವಳ ಸಿಟ್ಟಿಗೆ ಅಪ್ಪ ನಿಂತಿದ್ದ, ಕೆರೆಯೊಳಗೆ ಚಾಚಿದ ಮರದ ಕಟ್ಟೆಯೇ ಕುಸಿದು ಆತ ಮುಳುಗಿ ಸಾಯುತ್ತಾನೆ. ವರ್ಷಗಳಾದ ಮೇಲೆ ಡಾಕ್ಟರ್ ಕ್ರೂಸ್ ಅನ್ನುವವನು ಚಿಕಿತ್ಸೆ ಅಂತ ತಾಯಿ ಮಗಳನ್ನು ಅದೇ ಮನೆಗೆ ಕರೆತರುತ್ತಾನೆ. ಅಪ್ಪ ತಿರುಗಿ ಬರಲಿ ಅಂತ ಟೀನಾ ಕೆರೆಯ ಕಡೆ ಮನಸ್ಸು ಹರಿಸುತ್ತಾಳೆ. ಎದ್ದು ಬರುವುದು ಅಪ್ಪ ಅಲ್ಲ, 6ನೇ ಭಾಗದ ಕೊನೆಯಲ್ಲಿ ಸರಪಳಿ ಬಿಗಿದು ಮುಳುಗಿಸಿದ್ದ ಜೇಸನ್.

ಎಷ್ಟು ಒಳ್ಳೆಯ ಎಳೆ ನೋಡಿ. ಈ ಸರಣಿಯಲ್ಲಿ ಕೊಲೆಗಾರನಿಗೂ ನಾಯಕಿಗೂ ಇಷ್ಟು ಗಟ್ಟಿ ಸಂಬಂಧ ಬೇರೆ ಎಲ್ಲೂ ಇಲ್ಲ ಅಂತ ನನ್ನ ಅಭಿಪ್ರಾಯ. ಇಬ್ಬರ ಬದುಕೂ ಕೆಟ್ಟಿದ್ದು ಅದೇ ಕೆರೆಯಿಂದ. ಅವನನ್ನು ಎಬ್ಬಿಸಿದವಳೂ ಅವಳೇ. ಹಾಗಾಗಿ ಮಲಗಿಸಬೇಕಾದವಳೂ ಅವಳೇ.

ಕೊನೆಯ ಸುಮಾರು 20 ನಿಮಿಷ ಸಿನಿಮಾ ಅದನ್ನೇ ಮಾಡುತ್ತದೆ. ಹಿಂದಿನ ಹುಡುಗಿಯರು ಹೊಡೆದಿಲ್ಲ ಅಂತಲ್ಲ. 2ನೇ ಭಾಗದ ಜಿನ್ನಿ ಜೇಸನ್‌ನ ಸತ್ತ ತಾಯಿಯ ಸ್ವೆಟರ್ ಹಾಕಿಕೊಂಡು ಅವನನ್ನೇ ಮರುಳು ಮಾಡುತ್ತಾಳೆ, 3ನೇ ಭಾಗದ ಕ್ರಿಸ್ ತಲೆಗೇ ಕೊಡಲಿ ಬೀಸುತ್ತಾಳೆ. ಆದರೆ ಅವರೆಲ್ಲ ದಾರಿ ಮುಚ್ಚಿದಾಗ ಹೊಡೆದವರು. ಟೀನಾ ತಿರುಗಿ ನಿಂತು ಹೊಡೆಯುತ್ತಾಳೆ. ಮರದ ಬೇರು ಜೇಸನ್ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೆಸರು ನೀರಿಗೆ ಕರೆಂಟ್ ವೈರ್ ಬೀಳುತ್ತದೆ. ವರಾಂಡದ ಚಾವಣಿ ತಲೆ ಮೇಲೆ ಕುಸಿಯುತ್ತದೆ. ಮೊಳೆಗಳು ಹಾರಿ ಬರುತ್ತವೆ. ಮುಖವಾಡದ ಪಟ್ಟಿ ತಾನಾಗಿ ಬಿಗಿಯುತ್ತಾ ಹೋಗಿ ಮುಖವಾಡವೇ ಒಡೆದು ಬೀಳುತ್ತದೆ, ಕೊಳೆತ ಮುಖ ಹೊರಗೆ ಬರುತ್ತದೆ. ಜೇಸನ್ ಒಂದು ಕ್ಷಣ ದಿಕ್ಕು ತೋಚದೆ ನಿಲ್ಲುತ್ತಾನಲ್ಲ, ಅದು ನನಗೆ ಇಡೀ ಸರಣಿಯ ದೊಡ್ಡ ಕ್ಷಣ.

ಇಷ್ಟೆಲ್ಲ ಆದ ಮೇಲೆ? ಕೆರೆಯಿಂದ ಅಪ್ಪನ ಹೆಣ ಎದ್ದು ಬಂದು ಜೇಸನ್‌ನನ್ನು ಎಳೆದುಕೊಂಡು ಹೋಗುತ್ತದೆ. ಟೀನಾ ನೋಡುತ್ತಾ ನಿಲ್ಲುತ್ತಾಳೆ. ಗೆಲುವನ್ನು ಅವಳ ಕೈಯಿಂದ ಕಿತ್ತು ಸತ್ತ ಅಪ್ಪನಿಗೆ ಕೊಟ್ಟುಬಿಟ್ಟರು. ಅದೂ ಎಂಥ ಅಪ್ಪ? ಹೆಂಡತಿಗೆ ಹೊಡೆಯುತ್ತಿದ್ದ ಅಪ್ಪ. ಸಿನಿಮಾ ಸಾಧಾರಣ ಆದದ್ದು ಆ ಒಂದು ನಿಮಿಷದಲ್ಲಿ. ನಿಮಗೇನನಿಸುತ್ತದೆ ಹೇಳಿ.

ರೀಲ್‌ಡಬ್ಬಿ

ಎಳೆ ಚೆನ್ನಾಗಿದೆ, ಒಪ್ಪಿದೆ. ಆದರೆ ಸಿನಿಮಾ ಸಾಧಾರಣ ಆಗೋಕೆ ಅಪ್ಪನಿಗಿಂತ ದೊಡ್ಡ ಕಾರಣ ಕತ್ತರಿ. ಅದನ್ನು ನೀವು ಹೇಳಲೇ ಇಲ್ಲ.

ಅಮೆರಿಕದಲ್ಲಿ ನಮ್ಮ ಹಾಗೆ ಸರ್ಕಾರದ ಸೆನ್ಸಾರ್ ಮಂಡಳಿ ಇಲ್ಲ. ಎಂಪಿಎಎ ಅಂತ ಚಿತ್ರೋದ್ಯಮದವರೇ ಮಾಡಿಕೊಂಡ ಸಂಘ ರೇಟಿಂಗ್ ಕೊಡುತ್ತಿತ್ತು. ಆಗೆಲ್ಲ ಆರ್ ರೇಟಿಂಗ್ (ಚಿಕ್ಕವರು ದೊಡ್ಡವರ ಜೊತೆ ನೋಡಬಹುದು) ಸಿಗದೆ ಎಕ್ಸ್ (ದೊಡ್ಡವರಿಗೆ ಮಾತ್ರ) ಬಿತ್ತು ಅಂದರೆ ಕಥೆ ಮುಗಿದ ಹಾಗೆ. ಹೆಚ್ಚಿನ ಥಿಯೇಟರ್‌ನವರು ಹಾಕುತ್ತಿರಲಿಲ್ಲ, ಎಷ್ಟೋ ಪತ್ರಿಕೆಗಳು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಈ ಸಿನಿಮಾವನ್ನು ಒಂಬತ್ತು ಸಲ ಕಳಿಸಬೇಕಾಯಿತು. ಪ್ರತಿ ಸಲ ಇನ್ನಷ್ಟು ಕತ್ತರಿಸು, ಇನ್ನಷ್ಟು ಕತ್ತರಿಸು.

ನಿರ್ದೇಶಕ ಯಾರು ಅನ್ನೋದನ್ನು ನೆನಪಿಡಿ. ಜಾನ್ ಕಾರ್ಲ್ ಬ್ಯೂಕ್ಲರ್. ಆತನ ಕಸುಬೇ ಮೇಕಪ್ ಮತ್ತು ರಾಕ್ಷಸರ ಬೊಂಬೆ. ಅಂಥವನನ್ನು ಕರೆದು ಸಿನಿಮಾ ಒಪ್ಪಿಸಿ, ಆಮೇಲೆ ಅವನ ಕೈಕೆಲಸವನ್ನೇ ತೆಗೆದು ಎಸೆದರು. ಬೆನ್ ಅನ್ನುವ ಹುಡುಗನ ತಲೆ ಒತ್ತಿ ಪುಡಿ ಮಾಡುವ ದೃಶ್ಯ, ಕ್ರೂಸ್ ಮೇಲೆ ಗರಗಸ ಹಾಯಿಸುವ ದೃಶ್ಯ, ಎಲ್ಲವೂ ಶುರುವಾಗುತ್ತಿದ್ದ ಹಾಗೆ ಬೇರೆ ಕಡೆ ಜಿಗಿಯುತ್ತವೆ. ಕೊಲೆ ಆಯಿತು ಅಂತ ಗೊತ್ತಾಗುತ್ತದೆ, ಆಗುವುದು ಕಾಣುವುದಿಲ್ಲ. ಕ್ರೂಸ್ ಎಷ್ಟು ನೀಚ ಅಂದರೆ ಟೀನಾಳ ತಾಯಿಯನ್ನೇ ಜೇಸನ್ ಎದುರು ತಳ್ಳಿ ತಾನು ಓಡುತ್ತಾನೆ. ಅವನ ಸಾವಿಗಾಗಿ ನಾವು ಕಾದಿರುತ್ತೇವೆ. ಬಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಇದಕ್ಕೆ ಬ್ಯೂಕ್ಲರ್ ಏನು ಮಾಡಲಿ?

ಕತ್ತರಿಸಿದ ಚೂರುಗಳು ಆಮೇಲೆ ಡಿವಿಡಿಯಲ್ಲಿ ಬಂದವು. ಅದೂ ಮಸುಕು ಮಸುಕಾದ ಟೇಪ್ ಗುಣಮಟ್ಟದಲ್ಲಿ. ಆದರೂ ನೋಡಿ. ಎಂಥ ಕೆಲಸ ಹಾಳಾಯಿತು ಅಂತ ಹೊಟ್ಟೆ ಉರಿಯುತ್ತದೆ.

ಸಂಜೆಮಲ್ಲಿಗೆ

ರೀಲ್‌ಡಬ್ಬಿ ಸರ್, ಒಂದು ವಿಷಯದಲ್ಲಿ ಕತ್ತರಿ ಒಳ್ಳೆಯದೇ ಮಾಡಿದೆ. ಸ್ಲೀಪಿಂಗ್ ಬ್ಯಾಗ್ ದೃಶ್ಯ.

ಜೂಡಿ ಅನ್ನುವ ಹುಡುಗಿ ಚೀಲದೊಳಗೆ ಇರುವಾಗಲೇ ಜೇಸನ್ ಅದನ್ನು ಎಳೆದುಕೊಂಡು ಹೋಗಿ, ಎತ್ತಿ ಮರಕ್ಕೆ ಅಪ್ಪಳಿಸುತ್ತಾನೆ. ಮೊದಲು ತೆಗೆದದ್ದರಲ್ಲಿ ಮತ್ತೆ ಮತ್ತೆ ಬಡಿಯುತ್ತಾನೆ. ಸಿನಿಮಾದಲ್ಲಿ ಉಳಿದದ್ದು ಒಂದೇ ಹೊಡೆತ. ಆ ಒಂದೇ ಹೊಡೆತ ಎಷ್ಟು ಭಯಂಕರ ಅಂದರೆ, ಒಂದೇ ಸಾಕಾಯಿತು ಅನ್ನೋದೇ ಅವನ ಬಲ ಎಂಥದ್ದು ಅಂತ ಹೇಳುತ್ತದೆ. ಹತ್ತು ಸಲ ಬಡಿದಿದ್ದರೆ ಅದು ಸಿಟ್ಟಾಗುತ್ತಿತ್ತು. ಒಂದು ಸಲ ಬಡಿದು, ಕೈಬಿಟ್ಟು, ಹೊರಟುಹೋಗುವುದು ಬೇರೆಯೇ. ಅವನಿಗೆ ಇದು ಒಂದು ಕೆಲಸ, ಅಷ್ಟೇ. ಇದೇ ಸರಣಿಯ ಮುಂದಿನ ಸಿನಿಮಾ ‘ಜೇಸನ್ ಎಕ್ಸ್’ನಲ್ಲಿ ಇದನ್ನೇ ನೆನೆದು ಎರಡು ಚೀಲಗಳ ಜೊತೆ ಮತ್ತೆ ಮಾಡಿಸಿದರು ಅಂದರೆ ಜನರ ಮನಸ್ಸಿನಲ್ಲಿ ಎಷ್ಟು ಉಳಿದಿತ್ತು ಲೆಕ್ಕ ಹಾಕಿ.

ಇನ್ನು ಕಾಡುಹಾದಿ ಅವರ ಮಾತಿಗೆ. ಅಪ್ಪ ಬರುವುದನ್ನು ನಾನು ಬೇರೆ ಥರ ನೋಡುತ್ತೇನೆ. ಟೀನಾಗೆ ಜೇಸನ್ ಸಮಸ್ಯೆಯೇ ಅಲ್ಲ. ಅವಳ ಸಮಸ್ಯೆ ಅಪ್ಪನನ್ನು ನಾನೇ ಕೊಂದೆ ಅನ್ನುವ ಪಾಪಪ್ರಜ್ಞೆ. ಅಪ್ಪ ಎದ್ದು ಬಂದು ಅವಳನ್ನು ಕಾಪಾಡಿದರೆ ಆ ಭಾರ ಇಳಿಯುತ್ತದೆ. ಕೆರೆಯ ಹತ್ತಿರ ಏನು ಕೇಳಿದಳೋ ಅದು ಕೊನೆಯಲ್ಲಿ ಸಿಕ್ಕಿತು. ಮೇಲಾಗಿ ಅಪ್ಪನನ್ನು ಎಬ್ಬಿಸಿದ್ದೂ ಅವಳ ಶಕ್ತಿಯೇ ಅಲ್ವಾ? ಹಾಗಿದ್ದ ಮೇಲೆ ಗೆಲುವು ಅವಳದ್ದೇ.

ಕಾಡುಹಾದಿ

ಸಂಜೆಮಲ್ಲಿಗೆ ಅವರೇ, ಕಾಗದದ ಮೇಲೆ ನೀವು ಹೇಳಿದ್ದು ಸರಿ. ಪರದೆಯ ಮೇಲೆ ಅದು ಆಗುವುದಿಲ್ಲ. ಆ ದೃಶ್ಯ ಇನ್ನೊಮ್ಮೆ ನೋಡಿ. ಅಪ್ಪ ಎದ್ದ ಮೇಲೆ ಟೀನಾಗೂ ಅವನಿಗೂ ನಡುವೆ ಏನೂ ನಡೆಯುವುದಿಲ್ಲ. ಒಂದು ನೋಟ ಇಲ್ಲ, ಒಂದು ಮಾತಿಲ್ಲ. ಸರಪಳಿ ಹಾಕಿ ಎಳೆದ, ಹೋದ. ವರ್ಷಗಟ್ಟಲೆ ನೀರಲ್ಲಿದ್ದ ಹೆಣ ಕೊಳೆತೂ ಇಲ್ಲ, ಮನೆಯಿಂದ ಈಗಷ್ಟೇ ಬಂದ ಹಾಗಿದ್ದಾನೆ. ನೀವು ಹೇಳುವ ಬಿಡುಗಡೆ ಅಲ್ಲಿ ಆಗಬೇಕಿದ್ದರೆ ಕ್ಯಾಮೆರಾ ಟೀನಾಳ ಮುಖದ ಮೇಲೆ ನಿಲ್ಲಬೇಕಿತ್ತು. ನಟಿ ಲಾರ್ ಪಾರ್ಕ್ ಲಿಂಕನ್‌ಗೆ ಅದು ಬರುತ್ತಿರಲಿಲ್ಲ ಅಂತ ಹೇಳೋಕಾಗುವುದಿಲ್ಲ. ಕಟ್ಟೆ ಮೇಲೆ ಕೂತು ಅಪ್ಪನಿಗೆ ಕ್ಷಮೆ ಕೇಳುವ ದೃಶ್ಯವನ್ನು ಎಷ್ಟು ಮನಸ್ಸಿಟ್ಟು ಮಾಡಿದ್ದಾಳೆ.

ಕತ್ತರಿ ಬಗ್ಗೆ: ರಕ್ತ ಕಡಿಮೆ ಆದ ಮಾತ್ರಕ್ಕೆ ಈ ಸಿನಿಮಾದ ನಡುಭಾಗ ಸಪ್ಪೆ ಆಗಿಲ್ಲ. ಸಾಯುವವರು ಯಾರು ಅಂತಲೇ ಗೊತ್ತಾಗುವುದಿಲ್ಲ, ಅದಕ್ಕೆ ಸಪ್ಪೆ. ಪಕ್ಕದ ಮನೆಗೆ ಹುಟ್ಟುಹಬ್ಬಕ್ಕೆ ಬಂದವರ ಹೆಸರು ಹೇಳಿ ನೋಡೋಣ. ನಿಕ್, ಮೆಲಿಸ್ಸಾ, ಆಮೇಲೆ ತಡವರಿಸುತ್ತೀರಿ. 4ನೇ ಭಾಗದಲ್ಲೂ ಇದೇ ಥರ ಎರಡು ಮನೆ, ಒಂದರಲ್ಲಿ ಒಂದು ಕುಟುಂಬ, ಇನ್ನೊಂದರಲ್ಲಿ ಹುಡುಗ ಹುಡುಗಿಯರು. ಅಲ್ಲಿ ಜಿಮ್ಮಿಯ ವಿಚಿತ್ರ ಕುಣಿತ ಇವತ್ತಿಗೂ ನೆನಪಿದೆ. ಇಲ್ಲಿ ಅಂಥ ಒಂದು ಕ್ಷಣ ಆ ಮನೆಯಲ್ಲಿ ಇಲ್ಲ. ಒಬ್ಬ ವೈಜ್ಞಾನಿಕ ಕಥೆ ಬರೆಯುತ್ತಾನೆ, ಒಬ್ಬಳು ಕನ್ನಡಕ ತೆಗೆದು ಅಲಂಕಾರ ಮಾಡಿಕೊಳ್ಳುತ್ತಾಳೆ, ಅಲ್ಲಿಗೆ ಅವರ ಸ್ವಭಾವ ಮುಗಿಯಿತು.

ಮಧ್ಯರಾತ್ರಿಆಟ

ಇಷ್ಟು ಹೊತ್ತಾದರೂ ಯಾರೂ ಜೇಸನ್ ವೇಷ ಹಾಕಿದ ಕೇನ್ ಹಾಡರ್ ಹೆಸರು ಎತ್ತಲಿಲ್ಲವಲ್ಲ ಗುರು!

ಈ ಸಿನಿಮಾ ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ, ಜೇಸನ್‌ಗೆ ಒಂದು ಮೈ ಕೊಟ್ಟಿತು. ಅಲ್ಲಿಯವರೆಗೆ ಪ್ರತಿ ಭಾಗಕ್ಕೂ ಬೇರೆ ಬೇರೆ ಜನ. 6ನೇ ಭಾಗದಲ್ಲಿ ಸಿ.ಜೆ. ಗ್ರಹಾಂ ಚೆನ್ನಾಗೇ ಮಾಡಿದ್ದ. ಆದರೆ ಹಾಡರ್ ಬಂದ ಮೇಲೆ ಮುಖವಾಡದ ಹಿಂದೆ ಒಬ್ಬ ನಟ ಇದ್ದಾನೆ ಅಂತ ಗೊತ್ತಾಗತೊಡಗಿತು. ಭುಜ ಏರುವುದು ಇಳಿಯುವುದು ನೋಡಿ, ಸುಮ್ನೆ ನಿಂತಿದ್ದಾಗಲೂ ಎದೆ ಉಸಿರಾಡುತ್ತಿರುತ್ತದೆ. ಮೊದಲು ತಲೆ ತಿರುಗುತ್ತದೆ, ಆಮೇಲೆ ನಿಧಾನಕ್ಕೆ ಮೈ ತಿರುಗುತ್ತದೆ. ಓಡುವುದೇ ಇಲ್ಲ. ಆಮೇಲೆ 8, 9, ‘ಜೇಸನ್ ಎಕ್ಸ್’ ಸೇರಿ ಒಟ್ಟು ನಾಲ್ಕು ಸಿನಿಮಾ ಅವನದ್ದೇ.

ಅವನನ್ನು ಕರೆತಂದದ್ದು ಬ್ಯೂಕ್ಲರ್. ಅದಕ್ಕೂ ಮುಂಚೆ ‘ಪ್ರಿಸನ್’ ಅನ್ನುವ ಸಿನಿಮಾದಲ್ಲಿ ಇಬ್ಬರೂ ಕೆಲಸ ಮಾಡಿದ್ದರು. ಮೈತುಂಬಾ ಮೇಕಪ್ ಹೊತ್ತುಕೊಂಡು ದುಡಿಯುವ ಹಾಡರ್‌ನ ಛಲ ಬ್ಯೂಕ್ಲರ್ ಕಣ್ಣಿಗೆ ಬಿದ್ದಿತ್ತು.

ಬೆಂಕಿ ದೃಶ್ಯದ ಬಗ್ಗೆ ಗೊತ್ತಿಲ್ಲದವರಿಗೆ ಹೇಳಲೇಬೇಕು. ಹಾಡರ್ ಸ್ಟಂಟ್ ಕೆಲಸಕ್ಕೆ ಬಂದ ಹೊಸದರಲ್ಲಿ, 1977ರಲ್ಲಿ, ಬೆಂಕಿಯ ಸ್ಟಂಟ್ ಮಾಡುವಾಗ ನಿಜವಾಗಿ ಸುಟ್ಟುಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದವನು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಒದ್ದಾಡಿದ. ಹನ್ನೊಂದು ವರ್ಷ ಆದ ಮೇಲೆ ಬಂದ ಈ ಸಿನಿಮಾದಲ್ಲಿ ಟೀನಾ ಪೆಟ್ರೋಲ್ ಚಿಮ್ಮಿಸಿ ಜೇಸನ್‌ಗೆ ಬೆಂಕಿ ಹಚ್ಚುತ್ತಾಳಲ್ಲ, ಅಲ್ಲಿ ಮೈಪೂರ್ತಿ ಉರಿಯುತ್ತಾ ನಡೆದು ಬರುವವನು ಹಾಡರ್‌ನೇ. ಗ್ರಾಫಿಕ್ಸ್ ಇಲ್ಲ, ಬದಲಿ ಆಳು ಇಲ್ಲ. ಆ ಶಾಟ್ ಎಷ್ಟು ಹೊತ್ತು ಕತ್ತರಿಸದೆ ಉಳಿಸಿದ್ದಾರೆ ಅನ್ನೋದನ್ನು ಗಮನಿಸಿ ನೋಡಿ. ಇಂಥದ್ದೊಂದು ಇರುವ ಸಿನಿಮಾವನ್ನು ಸಾಧಾರಣ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ರೀಲ್‌ಡಬ್ಬಿ

ಹಾಡರ್ ಮಾತಿಗೆ ಸೇರಿಸುತ್ತೇನೆ. ಆ ವೇಷವನ್ನು ಹತ್ತಿರದಿಂದ ನೋಡಿದ್ದೀರಾ? ಹಿಂದಿನಿಂದ ನೋಡಿದರೆ ಅಂಗಿ ಹರಿದು ಬೆನ್ನುಮೂಳೆ, ಪಕ್ಕೆಲುಬು ಹೊರಗೆ ಕಾಣುತ್ತವೆ. ಕೊರಳಲ್ಲಿ ಸರಪಳಿ ಇನ್ನೂ ನೇತಾಡುತ್ತಿದೆ. ಮುಖವಾಡದ ಹಣೆಯಲ್ಲಿ 3ನೇ ಭಾಗದ ಕೊಡಲಿ ಏಟಿನ ಗುರುತು, ಕೆಳಗಡೆ 6ನೇ ಭಾಗದಲ್ಲಿ ದೋಣಿಯ ಮೋಟಾರ್ ರೆಕ್ಕೆ ಕತ್ತರಿಸಿದ ತುಂಡು ಇಲ್ಲವೇ ಇಲ್ಲ, ಆ ಸಂದಿಯಲ್ಲಿ ಹಲ್ಲು ಕಾಣುತ್ತವೆ. ಈ ಮನುಷ್ಯನಿಗೆ ಇಷ್ಟು ವರ್ಷ ಏನೇನಾಯಿತು ಅಂತ ಮೈಮೇಲೇ ಬರೆದಿಟ್ಟಿದ್ದಾರೆ. ಚಿತ್ರಕಥೆ ಬರೆದವರು ತೋರಿಸದ ನಿಷ್ಠೆಯನ್ನು ಮೇಕಪ್‌ನವರು ತೋರಿಸಿದರು.

ಮುಂದಿನ ವರ್ಷ 8ನೇ ಭಾಗ ಬಂತು. ಮುಖವಾಡ ತೆಗೆದಾಗ ಏನು ಕಾಣುತ್ತದೆ ನೋಡಿ. ಅಚ್ಚಿನಲ್ಲಿ ಸುರಿದ ರಬ್ಬರ್ ಥರ. ಬ್ಯೂಕ್ಲರ್ 2019ರಲ್ಲಿ ತೀರಿಕೊಂಡರು. ಅವರು ಮಾಡಿದ ಜೇಸನ್‌ಗಿಂತ ಒಳ್ಳೆಯ ಜೇಸನ್ ಇವತ್ತಿಗೂ ಬಂದಿಲ್ಲ ಅಂತ ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಗುಡ್ಡದಮನೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಟೀನಾಳ ಶಕ್ತಿಗೆ ಲೆಕ್ಕಾಚಾರವೇ ಇಲ್ಲ. ಬೇಕಾದಾಗ ಇದೆ, ಬೇಡದಾಗ ಇಲ್ಲ. ಇಡೀ ಮನೆ ಬೀಳಿಸಬಲ್ಲವಳು ತಾಯಿ ಸಾಯುವಾಗ ಎಲ್ಲಿದ್ದಳು? ಅದರ ಜೊತೆ ಮುಂದಾಗುವುದು ಕಣ್ಣಿಗೆ ಕಾಣುವ ಇನ್ನೊಂದು ಶಕ್ತಿ ಬೇರೆ. ಒಬ್ಬ ಹುಡುಗಿಗೆ ಎರಡೆರಡು ಶಕ್ತಿ ಯಾಕೆ? ಕಥೆ ಮುಂದಕ್ಕೆ ಹೋಗದಿದ್ದಾಗಲೆಲ್ಲ ಒಂದು ದರ್ಶನ ಬೀಳಿಸುತ್ತಾರೆ, ಆಮೇಲೆ ಟೀನಾ ಕಾಡೊಳಗೆ ಓಡುತ್ತಾಳೆ, ತಾಯಿ ಅವಳನ್ನು ಹುಡುಕಿಕೊಂಡು ಓಡುತ್ತಾಳೆ, ಡಾಕ್ಟರ್ ತಾಯಿಯ ಹಿಂದೆ ಓಡುತ್ತಾನೆ. ಒಂದು ಗಂಟೆ ಇದೇ.

ಇನ್ನೊಂದು, ಇದರಲ್ಲಿ ಹೆದರಿಕೆಯೇ ಆಗುವುದಿಲ್ಲ. 2ನೇ ಭಾಗ ನೋಡಿದಾಗ ಹೆದರಿದ್ದೆ, ಯಾಕೆಂದರೆ ಜೇಸನ್ ಅಲ್ಲಿ ಮನುಷ್ಯ, ಎಡವುತ್ತಾನೆ, ನೋವಾಗುತ್ತದೆ. ಇಲ್ಲಿ ಅವನೂ ಅತಿಮಾನುಷ, ಇವಳೂ ಅತಿಮಾನುಷ. ನಡುವೆ ಸಿಕ್ಕಿದ ಸಾಮಾನ್ಯ ಜನರ ಬಗ್ಗೆ ಸಿನಿಮಾಕ್ಕೇ ಚಿಂತೆ ಇಲ್ಲ.

ಸಂಜೆಮಲ್ಲಿಗೆ

ಗುಡ್ಡದಮನೆ ಅವರೇ, ಶಕ್ತಿಗೆ ಲೆಕ್ಕ ಇದೆ. ಬೆಂಕಿಪೊಟ್ಟಣದ ದೃಶ್ಯದಲ್ಲೇ ಇದೆ. ಕ್ರೂಸ್ ಮೇಜಿನ ಮೇಲೆ ಬೆಂಕಿಪೊಟ್ಟಣ ಇಟ್ಟು ಅಲುಗಾಡಿಸು ಅನ್ನುತ್ತಾನೆ. ಮೆಲ್ಲಗೆ ಕೇಳಿದಾಗ ಏನೂ ಆಗುವುದಿಲ್ಲ. ಅಪ್ಪನ ಮಾತೆತ್ತಿ ಕೆಣಕಿದಾಗ ಆಗುತ್ತದೆ. ಸಿಟ್ಟು ಬಂದರೆ, ನೋವಾದರೆ ಮಾತ್ರ ಶಕ್ತಿ ಹೊರಗೆ ಬರುವುದು, ಅದೂ ಅವಳ ಹಿಡಿತದಲ್ಲಿ ಇರುವುದಿಲ್ಲ. ಮೆಲಿಸ್ಸಾ ಎಲ್ಲರೆದುರು ಹೀಯಾಳಿಸಿದಾಗ ಅವಳ ಕೊರಳಿನ ಮುತ್ತಿನ ಸರ ತಾನಾಗಿ ಹರಿದು ಚೆಲ್ಲುತ್ತದಲ್ಲ, ಅಲ್ಲಿ ಟೀನಾಗೇ ಗಾಬರಿ. ಕೊನೆಯ ಹೊಡೆದಾಟದಲ್ಲಿ ಮೊದಲ ಬಾರಿ ತಾನಾಗಿ ಗುರಿಯಿಟ್ಟು ಬಳಸುತ್ತಾಳೆ. ಅದು ಬೆಳವಣಿಗೆಯೇ. ಡಾಕ್ಟರ್ ಹಾಗೂ ರೋಗಿ ನಡುವೆ ನಡೆಯುವ ಮೋಸವನ್ನೂ ಈ ಸಿನಿಮಾ ಚೆನ್ನಾಗಿ ಹಿಡಿದಿದೆ. ಚಿಕಿತ್ಸೆ ಅನ್ನುವ ಹೆಸರಲ್ಲಿ ಹುಡುಗಿಯನ್ನು ಬೇಕಂತಲೇ ನೋಯಿಸುವವನು ಜೇಸನ್‌ಗಿಂತ ನನಗೆ ಜಾಸ್ತಿ ಸಿಟ್ಟು ಬರಿಸಿದ.

ಆದರೆ ದರ್ಶನಗಳ ವಿಷಯ ನೀವು ಹೇಳಿದ ಹಾಗೇ. ಅದು ಬೇಡವಾಗಿತ್ತು. ಹೆದರಿಕೆ ಇಲ್ಲ ಅನ್ನೋದೂ ನಿಜ.

ಹೊಸಬೆಳಕು

ನಾನು ಈ ಸರಣಿಗೆ ಹೊಸಬ. 1ರಿಂದ 4ರವರೆಗೆ ನೋಡಿದ್ದೇನೆ. ನೇರವಾಗಿ 7ಕ್ಕೆ ಹೋಗಬಹುದಾ, ಇಲ್ಲ 5 ಮತ್ತು 6 ನೋಡಲೇಬೇಕಾ?

ಮಧ್ಯರಾತ್ರಿಆಟ

6 ನೋಡಲೇಬೇಕು ತಮ್ಮ. 7 ಶುರುವಾಗುವುದೇ ಅದರ ಕೊನೆಯಿಂದ. ಮೇಲಾಗಿ 6 ಒಳ್ಳೆಯ ಸಿನಿಮಾ, ಹೆಸರು ‘ಜೇಸನ್ ಲಿವ್ಸ್’, ನಿರ್ದೇಶಕ ಟಾಮ್ ಮೆಕ್‌ಲಾಫ್ಲಿನ್, 1986. ಸತ್ತವನು ಹೇಗೆ ಎದ್ದ ಅನ್ನೋದು ಅದರಲ್ಲೇ ಇದೆ. 5 ಬಿಟ್ಟರೂ ನಡೆಯುತ್ತದೆ. 7ರ ಶುರುವಿನಲ್ಲಿ ಹಳೆಯ ಭಾಗಗಳ ತುಣುಕು ತೋರಿಸಿ ಕಥೆ ಹೇಳುತ್ತಾರೆ. ಆ ದನಿ ಕೊಟ್ಟವನು ವಾಲ್ಟ್ ಗಾರ್ನಿ, ಮೊದಲ ಎರಡು ಭಾಗದಲ್ಲಿ ಎಲ್ಲರೂ ಸಾಯುತ್ತೀರಿ ಅಂತ ಎಚ್ಚರಿಸುತ್ತಿದ್ದ ಮುದುಕ ರಾಲ್ಫ್. ಗಮನಿಸಿ ಕೇಳು, ಮಜಾ ಬರುತ್ತದೆ.

ಗುಡ್ಡದಮನೆ

ಹಣದ ಲೆಕ್ಕವನ್ನೂ ಒಂದು ಸಲ ನೋಡೋಣ. 7ನೇ ಭಾಗ ಅಮೆರಿಕದಲ್ಲಿ ಸುಮಾರು 1.9 ಕೋಟಿ ಡಾಲರ್ ಮಾಡಿತು. 6ನೇ ಭಾಗದ್ದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಹೊಸ ಪ್ರೇಕ್ಷಕರು ಬರಲಿಲ್ಲ, ಹಳಬರು ಬಿಟ್ಟೂ ಹೋಗಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಫ್ರೆಡ್ಡಿಯ 4ನೇ ಭಾಗ ಸುಮಾರು 4.9 ಕೋಟಿ ತಂದಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಸರಣಿಯ ಕೊಲೆಗಾರ ಮೈಕಲ್ ಮೈಯರ್ಸ್ ‘ಹ್ಯಾಲೊವೀನ್ 4’ರಲ್ಲಿ ತಿರುಗಿ ಬಂದ. ಮೂವರೂ ಒಂದೇ ವರ್ಷ. ಆ ಪೈಪೋಟಿಯಲ್ಲಿ ಜೇಸನ್‌ಗೆ ಹೊಸದೇನಾದರೂ ಬೇಕಿತ್ತು, ಇವರಿಗೆ ಸಿಕ್ಕಿತ್ತು ಕೂಡ, ಆದರೆ ಅರ್ಧ ಮನಸ್ಸಿನಿಂದ ಬಳಸಿದರು. ಟೀನಾಳನ್ನು ಮೊದಲ ಗಂಟೆಯಲ್ಲೇ ಜೇಸನ್ ಎದುರು ತಂದಿದ್ದರೆ? ಒಂದು ಸಲ ಸೋತು ಓಡಿದ್ದರೆ, ಆಮೇಲೆ ಗೆದ್ದಿದ್ದರೆ? ಇವರು ಹಳೇ ಸಿನಿಮಾವನ್ನು ಒಂದು ಗಂಟೆ ಓಡಿಸಿ, ಹೊಸ ಸಿನಿಮಾವನ್ನು ಕೊನೆಗೆ ಅಂಟಿಸಿದರು.

ಕಾಡುಹಾದಿ

ಗುಡ್ಡದಮನೆ ಅವರೇ, ಈ ಕೊನೆಯ ಮಾತನ್ನು ನಾನೇ ಬರೆಯಬೇಕಿತ್ತು. ಹಳೇದು ಒಂದು ಗಂಟೆ, ಹೊಸದು ಕೊನೆಗೆ. ಹೌದು, ಅದೇ.

ನನಗೆ ಬೇಜಾರಾಗುವುದು ಇದಕ್ಕೇ. ಆ ಹೊಸದನ್ನು ಮುಂದಕ್ಕೆ ತೆಗೆದುಕೊಂಡು ಹೋಗಬಹುದಿತ್ತು. ಟೀನಾ ಬದುಕಿ ಉಳಿಯುತ್ತಾಳೆ. ಆಂಬುಲೆನ್ಸ್‌ನಲ್ಲಿ ನಿಕ್ ಜೊತೆ ಹೋಗುತ್ತಾಳೆ. 8ನೇ ಭಾಗದಲ್ಲಿ ಅವಳ ಹೆಸರೂ ಇಲ್ಲ. 4ರಿಂದ 6ನೇ ಭಾಗದವರೆಗಿನ ನಾಯಕ ಟಾಮಿ ಜಾರ್ವಿಸ್‌ಗೆ ಮೂರು ಸಿನಿಮಾ ಕೊಟ್ಟವರು ಅವನಿಗಿಂತ ಬಲವಾದ ಎದುರಾಳಿಗೆ ಒಂದೇ ಕೊಟ್ಟು, ಜೇಸನ್‌ನನ್ನು ಹಡಗು ಹತ್ತಿಸಿ ನ್ಯೂಯಾರ್ಕ್ ಕಡೆಗೆ ಕಳಿಸಿದರು. ಅದು 7ಕ್ಕಿಂತ ಸುಮಾರು 50 ಲಕ್ಷ ಡಾಲರ್ ಕಡಿಮೆ ಮಾಡಿತು, ಆಮೇಲೆ ಪ್ಯಾರಮೌಂಟ್ ಜೇಸನ್ ಸಹವಾಸವೇ ಸಾಕು ಅಂದಿತು.

ಸಂಜೆಮಲ್ಲಿಗೆ ಅವರ ಮಾತನ್ನು ಇನ್ನೂ ಯೋಚಿಸುತ್ತಿದ್ದೇನೆ. ಮುತ್ತಿನ ಸರದಿಂದ ಹೊಡೆದಾಟದವರೆಗೆ ಶಕ್ತಿ ಅವಳ ಹಿಡಿತಕ್ಕೆ ಬರುತ್ತಾ ಹೋಗುತ್ತದೆ ಅಂದಿರಿ. ಸರಿ. ಹಾಗಾದರೆ ಅದರ ಕೊನೆಯ ಮೆಟ್ಟಿಲು ಯಾವುದು? ಚಿಕ್ಕವಳಿದ್ದಾಗ ಅರಿಯದೆ ಕೆರೆಗೆ ಒಬ್ಬನನ್ನು ಬೀಳಿಸಿದವಳು ಈಗ ಅರಿತು, ಬೇಕಂತಲೇ, ಅದೇ ಕಟ್ಟೆಯನ್ನು ಜೇಸನ್ ಕಾಲಡಿಯಲ್ಲಿ ಮುರಿಯಬೇಕಿತ್ತು. ಕಟ್ಟೆ ಅಲ್ಲೇ ಇದೆ. ಜೇಸನ್ ಅದರ ಮೇಲೇ ನಿಂತಿದ್ದಾನೆ. ಸರಪಳಿಯೂ ಇದೆ. ಅಪ್ಪ ಬೇಕಾಗಿರಲಿಲ್ಲ.

ಸಂಜೆಮಲ್ಲಿಗೆ

ಅಪ್ಪ ಬೇಕು ಅಂತಲೇ ನಾನು ಹೇಳುವುದು. ಆದರೆ ಕಟ್ಟೆಯನ್ನು ಅವಳು ಮುರಿದು, ಜೇಸನ್ ಬಿದ್ದ ಮೇಲೆ ನೀರೊಳಗೆ ಅಪ್ಪ ಅವನನ್ನು ಹಿಡಿದುಕೊಂಡಿದ್ದರೆ ನಿಮ್ಮದೂ ಆಗುತ್ತಿತ್ತು, ನಮ್ಮದೂ ಆಗುತ್ತಿತ್ತು. ಹೊಸಬೆಳಕು, 6 ನೋಡಿ ಮುಗಿಸಿ ಇಲ್ಲಿಗೆ ಬನ್ನಿ. 7ರ ಕೊನೆ ನೋಡಿದ ಮೇಲೆ ಯಾರ ಕಡೆ ಅಂತ ಹೇಳಿ.